ಒಳಮಡಿಕೆಯ ಸಾಲು

ನೋವಿಗೆ ಅಂಟಿಸುವ ಔಷಧಿ ಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ಅವಳ ಕೆಲಸ ಸೂಚನೆಯ ಚೀಟಿ ಮಡಿಸಿ ಪೆಟ್ಟಿಗೆಗೆ ತುರುಕುವುದು. ‘ಮಕ್ಕಳಿಗೆ ಬಳಸಬಾರದು’ ಎಂಬ ಸಾಲು ಯಾವಾಗಲೂ ಒಳಮಡಿಕೆಗೇ ಬೀಳುತ್ತಿತ್ತು. ಅದು ಹೊರಗೆ ಕಾಣುವಂತೆ ಮಡಿಸೋಣ ಎಂದು ಎರಡು ಸಲ ಹೇಳಿದ್ದಳು. ಮೇಲ್ವಿಚಾರಕ ಕಿವಿಗೆ ಹಾಕಿಕೊಂಡಿರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದರೆ, ಮಗಳ ಉಳುಕಿದ ಕಾಲಿಗೆ ಅಕ್ಕ ಅಂಥವೇ ಎರಡು ಪಟ್ಟಿ ಅಂಟಿಸಿ, ಮೇಲೆ ಬಿಸಿನೀರಿನ ಚೀಲವನ್ನೂ ಇಟ್ಟಿದ್ದಳು.

“ಚೀಟಿ ಓದಿದ್ಯಾ ಅಕ್ಕಾ?”

“ಅದನ್ನ ಯಾರು ಬಿಚ್ಚಿ ಓದ್ತಾರೆ? ನುಂಗೋ ಮಾತ್ರೆಯೇನಲ್ವಲ್ಲ, ಮೇಲೆ ಅಂಟಿಸೋದು ತಾನೇ.”

“ಮೇಲೇ ಇರೋದಾದ್ರೆ ಒಳಗಿನ ನೋವು ಹೇಗೆ ಹೋಗುತ್ತೆ? ಔಷಧಿ ರಕ್ತಕ್ಕೆ ಸೇರುತ್ತೆ. ಬಿಸಿ ಇಟ್ರೆ ಇನ್ನೂ ಜಾಸ್ತಿ. ಇವಳಿಗಿನ್ನೂ ಆರು ವರ್ಷ.”

“ಚೀಟಿ ಮಡಿಸೋಳು ನೀನು, ಡಾಕ್ಟರ್ ಥರ ಮಾತಾಡ್ತೀಯ.”

ಅವಳ ಮೈಯೆಲ್ಲ ಉರಿಯಿತು. ಡಾಕ್ಟರಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿ ಅಕ್ಕನ ಮುಂದೆ ಹಿಡಿದಳು. ಪಟ್ಟಿ ತೆಗೆದು ಸೋಪು ಹಚ್ಚಿ ತೊಳೆಯಿರಿ, ತಣ್ಣನೆಯ ಬಟ್ಟೆ ಇಡಿ, ಬೆಳಿಗ್ಗೆ ಕರೆತನ್ನಿ. ದದ್ದು, ವಾಂತಿ, ಉಸಿರಾಟದ ತೊಂದರೆ ಕಂಡರೆ ಮಾತ್ರ ಬೆಳಗಿನ ತನಕ ಕಾಯಬೇಡಿ ಎಂದರು ಡಾಕ್ಟರು. ಅಕ್ಕ ಬಿಸಿನೀರಿನ ಚೀಲ ಎತ್ತಿ ಪಕ್ಕಕ್ಕಿಟ್ಟಳು.

ಪಟ್ಟಿ ಕೀಳುವಾಗ ಮಗಳು ಅತ್ತಳು. “ನಂಗೆ ನೋವು ಕಮ್ಮಿಯಾಗಿತ್ತು. ನೀನ್ಯಾಕೆ ಕಿತ್ತೆ? ದೊಡ್ಡಮ್ಮನೇ ಒಳ್ಳೇಳು.”

ಅವಳು ಒದ್ದೆ ಬಟ್ಟೆ ಹಿಡಿದು ಬಂದಾಗ ಮಗಳು ಎರಡು ಸಲ ಕಾಲು ಹಿಂದಕ್ಕೆಳೆದುಕೊಂಡಳು. ಮೂರನೇ ಸಲ ಅಕ್ಕನೇ ಆ ಕಾಲನ್ನು ಮೆಲ್ಲಗೆ ಹಿಡಿದುಕೊಟ್ಟಳು, ತಂಗಿಯ ಮುಖ ನೋಡದೆ.