ಹಾಳುದಿಬ್ಬದ ಮಣ್ಣು

ತಪ್ಪು ನನ್ನ ಬಾಯಿಯದು. ಬೇರೆಯವರನ್ನು ಬೈದು ಫಲವಿಲ್ಲ.

ಪಿರಿಯಾಪಟ್ಟಣದ ಆಚೆ, ಕರಿಯಯ್ಯನ ಹೊಗೆಸೊಪ್ಪಿನ ಹೊಲದ ಮೂಲೆಯಲ್ಲಿ ಒಂದು ಹಾಳುದಿಬ್ಬವಿತ್ತು. ಎರಡು ಸಾವಿರ ವರ್ಷದ ಹಿಂದೆ ಊರಾಗಿದ್ದ ಜಾಗ. ಅದನ್ನು ಅಗೆಯಲು ಅಪ್ಪಣೆ ಬೇಡಿ ಮೂರು ವರ್ಷ ಕಚೇರಿ ಕಚೇರಿ ಅಲೆದಿದ್ದೆ. ನನ್ನ ಪುರಾತತ್ವ ವಿಭಾಗದಲ್ಲಿ ಉಳಿದಿದ್ದವಳು ಒಬ್ಬಳೇ ವಿದ್ಯಾರ್ಥಿನಿ, ಹುಣಸೂರಿನ ಮಾಹಿರಾ. ಈ ದಿಬ್ಬವೇ ಅವಳ ಪಿಎಚ್‌ಡಿ. ಅಗೆತ ಶುರುವಾದರೆ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು.

ಹೋದ ವರ್ಷ ನಾನು ದಿಬ್ಬ ನೋಡಲು ಹೋದಾಗ ಕರಿಯಯ್ಯ, "ಇದ್ರಲ್ಲಿ ನಿಧಿ ಅದಾ ಮೇಡಮ್ನೋರೆ?" ಎಂದಿದ್ದ. ಮೂವತ್ತು ವರ್ಷದಿಂದ ಊರೂರಲ್ಲಿ ಕೇಳಿ ಸಾಕಾದ ಪ್ರಶ್ನೆ. ರೇಗಿತು.

"ನಿಧಿಯೂ ಇಲ್ಲ ಗಿಧಿಯೂ ಇಲ್ಲ. ಇದರ ಮಣ್ಣೇ ಚಿನ್ನ ಕಣಯ್ಯ. ನೂರು ತಲೆಮಾರಿನ ಒಲೆಬೂದಿ, ಸಗಣಿ, ಮೂಳೆ ಎಲ್ಲಾ ಇದರಲ್ಲಿದೆ."

ಅವನು ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿದ. ಅಂತೂ ಒಬ್ಬನಿಗಾದರೂ ಅರ್ಥವಾಗುವಂತೆ ಹೇಳಿದೆನಲ್ಲ ಎಂದು ಹೆಮ್ಮೆಪಟ್ಟೆ.

ಅಪ್ಪಣೆ ಪತ್ರ ಈ ಜೂನಿನಲ್ಲಿ ಬಂತು. ಮರುದಿನವೇ ಮಾಹಿರಾ ಟೇಪು, ಗೂಟ, ಹಗ್ಗ ಹೊತ್ತು ನನ್ನ ಜೊತೆ ಬಂದಳು. ದಿಬ್ಬವಿರಲಿಲ್ಲ. ಆ ಮೂಲೆ ಅಂಗೈಯಷ್ಟು ಸಪಾಟಾಗಿತ್ತು.

"ನೀವು ಏಳ್ದಂಗೇ ಮಾಡ್ದೆ ಮೇಡಮ್ನೋರೆ," ಎಂದು ಕರಿಯಯ್ಯ ನಕ್ಕ. "ಜೆಸಿಬಿ ತರ್ಸಿ ಮಣ್ಣೆಲ್ಲಾ ವಲಕ್ಕೆ ಒಡ್ಸಿದೆ. ಸೊಪ್ಪು ಎಂಗೆ ಎದ್ದದೆ ನೋಡಿ. ಮಡಕೆ ಚೂರು ನಿಮಗೆ ಬೇಕಾಯ್ತದೆ ಅಂತ ಆಯ್ದು ಮಡಗಿವ್ನಿ."

ಎರಡು ಗೋಣಿಚೀಲ ತಂದಿಟ್ಟ. ಮಾಹಿರಾ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೂರು ತೆಗೆದು ನೋಡಿದಳು.

"ಯಾವುದು ಯಾವ ಪದರದ್ದು ಮೇಡಂ?"

ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ತಿಳಿಯದಿದ್ದರೆ ಅವು ಬರೀ ಚೂರು. ಅದು ಅವಳಿಗೂ ಗೊತ್ತಿತ್ತು. ನನ್ನ ಉತ್ತರಕ್ಕೆ ಕಾಯದೆ ಹಗ್ಗ ಸುತ್ತಿ ಬ್ಯಾಗಿಗೆ ಹಾಕಿದಳು. ನನಗೆ ಅಳು ಬಂತು. ಕರಿಯಯ್ಯನನ್ನು ಬೈಯೋಣವೆಂದರೆ ಯಾವ ಬಾಯಲ್ಲಿ ಬೈಯಲಿ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೊರಡುವಾಗ ಅವನು ಜೀಪಿನ ಕಿಟಕಿಯ ಹತ್ತಿರ ಬಂದ.

"ನಮ್ ಬಾಮೈದ ಸಾಲಿಗ್ರಾಮ್ದೋನು. ಆ ಕಡೀಕೆ ಇಂಥಾ ದಿಬ್ಬ ಎಲ್ಲಿ ಅವೆ, ವಸಿ ಏಳಿ."

ಆ ಕಡೆಯ ಏಳು ದಿಬ್ಬಗಳ ನಕ್ಷೆ ನನ್ನ ತೊಡೆಯ ಮೇಲೇ ಇತ್ತು. ಒಂದೊಂದನ್ನೂ ನಾನೇ ಬಿಸಿಲಲ್ಲಿ ನಡೆದು ಗುರುತಿಸಿದ್ದೆ. ಇನ್ನು ಅವನ್ನು ಅಗೆಯಲು ಯಾರೂ ಬರುವುದಿಲ್ಲ. ನಕ್ಷೆಯನ್ನು ಮಡಚಿದೆ.

"ಎಲ್ಲೂ ಇಲ್ಲ ಕರಿಯಯ್ಯ," ಎಂದೆ. "ಇದ್ದದ್ದು ಇದೊಂದೇ."