ನನಗೆ ಬರಬೇಕಾಗಿದ್ದ ಆರತಿ

ನಾನು ಒಂದು ಪುಟ್ಟ ವಿಮಾನ. ಎಷ್ಟು ಪುಟ್ಟ ಅನ್ನುತ್ತೀರಾ? ಇಬ್ಬರು ಕೂತರೆ ಮೂರನೆಯವರ ಚೀಲಕ್ಕೂ ಜಾಗವಿಲ್ಲ. ಕಾರ್ಖಾನೆಯಲ್ಲಿ ನನ್ನ ತಗಡುಗಳಿಗೆ ರಿವೆಟ್ ಹೊಡೆದು, ಬಿಳಿ ಬಣ್ಣ ಬಳಿದು, ಪಕ್ಕೆಗೊಂದು ನೀಲಿ ಪಟ್ಟಿ ಎಳೆದ ದಿನ ಬಂದ ಜಂಬ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೊದಲು ನನ್ನನ್ನು ಕೊಂಡವರು ಒಬ್ಬ ಸಕ್ಕರೆ ಕಾರ್ಖಾನೆಯ ಸಾಹುಕಾರರು. ಅವರು ಹಾರಿದ್ದಕ್ಕಿಂತ ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡದ್ದೇ ಹೆಚ್ಚು. ಬೇಜಾರಾದ ಮೇಲೆ ಒಂದು ವಿಮಾನ ತರಬೇತಿ ಶಾಲೆಗೆ ದಾಟಿಸಿದರು. ಅಲ್ಲಿ ಹೊಸಬರು ನನ್ನನ್ನು ರನ್‌ವೇ ಮೇಲೆ ದಡದಡ ಕುಕ್ಕುತ್ತಿದ್ದರು. ಬೈದುಕೊಳ್ಳುತ್ತಲೇ ಸಹಿಸಿದೆ. ಮಡಿಕೇರಿ ಕಡೆಯ ದೇಚಮ್ಮ ಮಾತ್ರ ಬೇರೆ. ಇಳಿದ ಮೇಲೆ ನನ್ನ ಮೂತಿ ತಟ್ಟಿ ಹೋಗುವವಳು ಅವಳೊಬ್ಬಳೇ.

ಒಂದು ಎಳ್ಳಮಾವಾಸ್ಯೆಯ ದಿನ ಅವಳು ಒಬ್ಬಳೇ ನನ್ನನ್ನು ವಿಜಯಪುರ ಜಿಲ್ಲೆಯ ಮೇಲೆ ಹಾರಿಸುತ್ತಿದ್ದಾಗ ಇಂಜಿನ್ ಕೈಕೊಟ್ಟಿತು. ಕೆಳಗೆ ಊರಿಲ್ಲ, ರಸ್ತೆಯಿಲ್ಲ, ಕಣ್ಣು ಹಾಯುವಷ್ಟೂ ಎರೆಹೊಲ. ನಡುವೆ ಒಂದು ಖಾಲಿ ಬಯಲು ಕಂಡಿತು. ಹತ್ತಿರವಾದರೆ ಅಲ್ಲಿ ಬಂಡಿಗಳು, ಪೂಜೆಗೆ ನೆರೆದ ಜನ! ಆ ಸೀಮೆಯವರು ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ಮೇಲೆಲ್ಲ ಎಡೆ ಚೆಲ್ಲಿ, ಆಮೇಲೆ ಉಣ್ಣುತ್ತಾರೆ. ಆ ಹಬ್ಬಕ್ಕೂ ಚೆಲ್ಲುವ ಎಡೆಗೂ ಚರಗ ಅನ್ನುತ್ತಾರೆ. ದೇಚಮ್ಮನಿಗೆ ಅದೆಲ್ಲಿ ಗೊತ್ತು? ಜನರನ್ನು ಕಂಡದ್ದೇ ನನ್ನನ್ನು ಪಕ್ಕದ ಜೋಳದತ್ತ ತಿರುಗಿಸಿದಳು. ಬೆಳೆ ಸೀಳಿಕೊಂಡು ಓಡಿದೆ. ಮುಂದಿನ ಗಾಲಿ ಮಣ್ಣಿನಲ್ಲಿ ಹೂತು, ಮೂತಿ ನೆಲಕ್ಕೆ ಬಡಿದು, ಎಡರೆಕ್ಕೆ ಮುರಿಯಿತು. ಅವಳ ಕಾಲು ಪೆಡಲಿನಡಿ ಸಿಕ್ಕಿಕೊಂಡಿತು. ನನ್ನ ಟ್ಯಾಂಕಿನಿಂದ ಪೆಟ್ರೋಲ್ ಸೋರತೊಡಗಿತು.

ಮೊದಲು ಬಂದವರು ಹೊಲದೊಡತಿ ಗುರಬಸವ್ವ. ಪೂಜೆಯ ನಡುವೆಯೇ ಎದ್ದು ಬಂದಿದ್ದರು, ಕೈಯಲ್ಲಿ ಉರಿಯುವ ಆರತಿ ತಟ್ಟೆ. ಚರಗದ ದಿನ ಹೊಲಕ್ಕೆ ಬಂದದ್ದೆಲ್ಲ ಲಕ್ಷ್ಮಿಯಂತೆ. ಆಕಾಶದಿಂದಲೇ ಇಳಿದದ್ದನ್ನು ಬಿಡುವುದುಂಟೇ? ನನಗೇ ಆರತಿ ಎತ್ತಲು ಬಂದಿದ್ದರು! ಬೇರೆ ದಿನವಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಅವತ್ತು ಜೀವ ಬಾಯಿಗೆ ಬಂತು. ಪೆಟ್ರೋಲ್ ಸಾಲುಗುಂಟ ಹರಿದು ಅವರ ಕಾಲ ಬಳಿಗೇ ಬಂದಿತ್ತು. ಗಾಳಿಗೆ ಜೋಳದ ಒಣ ಎಲೆಗಳು ಉರಿಯ ಮೇಲೇ ಆಡುತ್ತಿದ್ದವು.

"ಅಜ್ಜಿ, ದೀಪ ಬೇಡ. ಪೆಟ್ರೋಲ್ ಸೋರ್ತಾ ಇದೆ," ಎಂದಳು ದೇಚಮ್ಮ. ದನಿ ಏಳುತ್ತಿರಲಿಲ್ಲ.

ಗುರಬಸವ್ವ ನಿಂತರು. ಹಿಂದೆ ಬಂದಿದ್ದ ಮಗ ಅವರ ಕೈ ಹಿಡಿದ. ಚರಗದ ದೀಪ ತಾನಾಗಿ ಶಾಂತವಾಗಬೇಕು, ಕೈಯಾರೆ ಆರಿಸಿದರೆ ಮನೆಗೆ ಕೇಡು ಎಂದು ಅವರ ಮನೆಯ ನಂಬಿಕೆ. ಅವನ ಹೆಂಡತಿ ತುಂಬಿದ ಬಸುರಿ. ಹಿಂದಕ್ಕೆ ಒಯ್ಯೋಣವೆಂದರೆ ಸುತ್ತ ಜೋಳ, ಬೆನ್ನಿಗೆ ನುಗ್ಗಿ ಬರುತ್ತಿದ್ದ ಜನ. ಅಜ್ಜಿ ಒಮ್ಮೆ ಸೊಸೆಯಿದ್ದ ದಿಕ್ಕು ನೋಡಿದರು, ಒಮ್ಮೆ ದೇಚಮ್ಮನ ಮುಖ ನೋಡಿದರು.

"ಆಕಿನೂ ಯಾರೋ ಹಡದ ಮಗಳಪಾ. ಭೂಮವ್ವ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ," ಎಂದವರೇ ಬತ್ತಿಯನ್ನು ಬೆರಳಿನಿಂದ ಹಿಸುಕಿಬಿಟ್ಟರು.

ಗಂಡಸರು ಬಂಡಿಯ ನೊಗ ತಂದು ಪೆಡಲು ಮೀಟಿ, ಅವಳನ್ನು ಹೊರಗೆಳೆದು, ಕಂಬಳಿಯ ಮೇಲೆ ಮಲಗಿಸಿ ಬಂಡಿಗೇರಿಸಿದರು. ಉಣ್ಣದೆ ಹೊಲ ಬಿಡಬಾರದೆಂದು ಗುರಬಸವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ತುಣುಕನ್ನು ಅವಳ ಬಾಯಿಗಿಟ್ಟರು. ದೇಚಮ್ಮ ಅವರ ಸುಟ್ಟ ಬೆರಳು ಹಿಡಿದು ಅತ್ತಳು. ಆರಿದ ದೀಪಕ್ಕೆ ತಾನೇನು ಮಾಡಲಿ ಎಂದು ಕೇಳಿದಳು.

"ಕಾಲು ನೆಟ್ಟಗಾದ ಮ್ಯಾಲ ನೀನ ಹಚ್ಚವ್ವ. ಎಲ್ಲಿ ಇರ್ತಿ, ಅಲ್ಲೇ."

ನನ್ನನ್ನೂ ಮರೆಯಲಿಲ್ಲ, ಪುಣ್ಯಾತ್ಗಿತ್ತಿ. ಮುರಿದ ರೆಕ್ಕೆಯ ಮೇಲೂ ಒಂದು ಹಿಡಿ ಚರಗ ಚೆಲ್ಲಿದರು.

ನಾನು ಮತ್ತೆ ಹಾರಲಿಲ್ಲ. ಲಾರಿಯ ಮೇಲೆ ಮಲಗಿ ಬಂದು ಶಾಲೆಯ ಹಿಂದಿನ ಶೆಡ್ಡು ಸೇರಿದೆ. ಹೊಸಬರು ನನ್ನ ಹೊಟ್ಟೆ ಬಿಚ್ಚಿ ಪಾಠ ಕಲಿಯುತ್ತಾರೆ. ದುಃಖವಿಲ್ಲ. ಹಾರುವ ವಿಮಾನಗಳು ಬೇಕಾದಷ್ಟಿವೆ, ಚರಗ ಉಂಡದ್ದು ಮಾತ್ರ ನಾನೊಂದೇ. ದೇಚಮ್ಮ ಈಗ ಇಲ್ಲಿಯೇ ಕಲಿಸುತ್ತಾಳೆ. ಗುರಬಸವ್ವನ ಸೊಸೆಗೆ ಹೆಣ್ಣುಕೂಸಾಯಿತು, ಇಬ್ಬರೂ ಸುಖವಾಗಿದ್ದಾರೆ ಎಂದು ನನ್ನ ಮೂತಿ ತಟ್ಟಿ ಹೇಳಿದವಳೂ ಅವಳೇ. ಅದನ್ನು ಕೇಳಿದ ದಿನ ನನಗೆ ನೆಮ್ಮದಿಯಾಯಿತು.

ಪ್ರತಿ ಎಳ್ಳಮಾವಾಸ್ಯೆಗೂ ಅವಳು ದೀಪ ಹಚ್ಚುತ್ತಾಳೆ, ಅದು ತಾನಾಗಿ ಶಾಂತವಾಗುವವರೆಗೂ ಕೂತಿರುತ್ತಾಳೆ. ನನ್ನ ಟ್ಯಾಂಕಿನಲ್ಲಿ ಈಗ ಪೆಟ್ರೋಲಿನ ವಾಸನೆಯೂ ಉಳಿದಿಲ್ಲ. ಆದರೂ ಶೆಡ್ಡಿನಿಂದ ದೂರ, ಬೇವಿನ ಮರದ ಕೆಳಗೆ ನಿಂತು, ಅಲ್ಲಿಂದಲೇ ನನಗೆ ಆರತಿ ಎತ್ತುತ್ತಾಳೆ.