ಪೈಪು ಹಿಡಿದು ನಿಂತವಳು

"ಬಿಡಬ್ಯಾಡ, ಗಟ್ಟಿ ಹಿಡಕೋ," ಎಂದ ಸುಭಾಷ.

ಬಚ್ಚಲುಮನೆಯ ಪೈಪು ಬಿರಿದ ಕಡೆ ದುರ್ಗಾ ಹಳೆಯ ಲುಂಗಿ ಸುತ್ತಿ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಆದರೂ ನೀರು ಬೆರಳ ಸಂದಿಯಿಂದ ಚಿಮ್ಮಿ ಅವಳ ಹಬ್ಬದ ಸೀರೆಯನ್ನು ತೋಯಿಸುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾಕ್ಕೆ ಹನಿ ಸಿಡಿಯಬಾರದೆಂದು ಗಂಡ ಬಾಗಿಲ ಹೊರಗೇ ನಿಂತಿದ್ದ.

"ಮ್ಯಾಲೆ ಹೋಗಿ ನೀರಿನ ಟಾಕಿ ವಾಲ್ ಬಂದ್ ಮಾಡ್ರಿ."

"ಅದು ಜಂಗ್ ಹಿಡದೈತಿ, ತಿರುಗಂಗಿಲ್ಲ. ಪ್ಲಂಬರ್ ಮಲಕಪ್ಪನ್ನ ಕರ್ಕೊಂಡ ಬರ್ತೇನಿ. ಅಂವ ಬಂದ್ರ ಎರಡ ಮಿನಿಟಿನ ಕೆಲಸ."

ಶ್ರಾವಣದಿಂದಲೂ ಆ ಪೈಪು ತೊಟ್ಟಿಕ್ಕುತ್ತಿತ್ತು. ದುರ್ಗಾ ಹೇಳಿದಾಗಲೆಲ್ಲ ಸುಭಾಷ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಹಬ್ಬ ಮುಗೀಲಿ ಎನ್ನುತ್ತಿದ್ದ. ದಾಂಡೇಲಿಯ ಅವರ ಓಣಿಯಲ್ಲಿ ಗಣಪತಿಯ ಮುಂದೆ ಭಜನೆಯ ಪದ ಎತ್ತುವವರು ಗಂಡಸರೇ. ಹೆಂಗಸರದು ಆರತಿ ಹಾಡಷ್ಟೇ. ಈ ಸಲ ಹಳಿಯಾಳದ ಮೇಳವೂ ಬರುತ್ತದೆಂದು ಓಣಿಯ ಹಿರಿಯ ಗೂಳಪ್ಪ ತಾವಾಗಿ ಮನೆಗೆ ಬಂದು, "ದುರ್ಗವ್ವ, ಮುಂದ ಕುಂತು ನೀನ ಹಾಡಬೇಕವಾ" ಎಂದಿದ್ದರು. ರೊಟ್ಟಿ ಬಡಿಯುತ್ತ ಗುನುಗುತ್ತಲೇ ಅವಳು ಎರಡು ಪದಗಳಿಗೆ ಹೊಸ ಧಾಟಿ ಕೂಡಿಸಿದ್ದಳು. ಅದನ್ನು ಸುಭಾಷ ಹಾರ್ಮೋನಿಯಂ ಮೇಲೆ ನುಡಿಸಲು ಕಲಿತದ್ದು ಅವಳಿಂದಲೇ.

ಅವನು ಹೊರಟಾಗ ಹೊಸ್ತಿಲಿಗೆ ಏನೋ ಬಡಿದ ಸದ್ದಾಯಿತು. ದುರ್ಗಾ ಕತ್ತು ಹೊರಳಿಸಿ ನೋಡಿದಳು. ಅವನ ಕೈಯಲ್ಲಿ ಹಾರ್ಮೋನಿಯಂ ಇತ್ತು.

ಮಲಕಪ್ಪ ಬರಲಿಲ್ಲ. ಓಣಿಯ ಗಣಪತಿ ಪೆಂಡಾಲಿನ ಮೈಕು ಬಚ್ಚಲಿಗೂ ಕೇಳುವಂತೆ ಗೊರಗುಟ್ಟಿತು, ತಬಲಾ ಶ್ರುತಿಗೆ ಬಂತು, ಪದ ಶುರುವಾಯಿತು. ಧಾಟಿ ಅವಳದು, ದನಿ ಸುಭಾಷನದು. ಎರಡನೇ ಸಾಲಿನಲ್ಲಿ ಮೇಲೇರಬೇಕಾದ ಕಡೆ ಅವನಿಗೆ ಏರಲಾಗಲಿಲ್ಲ, ಕೆಳಗಿನಿಂದಲೇ ದಾಟಿಸಿಬಿಟ್ಟ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಓಣಿಗೆ ಹರಿದು ಬಂದ ನೀರು ಕಂಡು ಪಕ್ಕದ ಮನೆಯ ಮೆಹರುನ್ನಿಸಾ ಓಡಿ ಬಂದಳು. "ಅಯ್ಯ, ಒಬ್ಬಾಕೀನ ನಿಂತೀಯೇನ? ಒಂದ ಕೂಗ ಹಾಕಬಾರದ?" ಎನ್ನುತ್ತ ಮಾಳಿಗೆ ಹತ್ತಿದಳು. ಮೇಲಿಂದ ಕಲ್ಲಿನ ಏಟು ಕೇಳಿಸಿತು. ನೀರು ನಿಂತಿತು.

"ತಿರುಗಿತಲ್ಲ!" ಎಂದು ಅಲ್ಲಿಂದಲೇ ಕೂಗಿದಳು. ದುರ್ಗಾಳ ಕೈ ಮರಗಟ್ಟಿತ್ತು. ಸೆರಗು ಹಿಂಡಿ, ಹಾಗೆಯೇ ನಡೆದಳು.

ಪೆಂಡಾಲಿನಲ್ಲಿ ಪದ ಮುಗಿದಿತ್ತು. ಸುಭಾಷನ ಮಗ್ಗುಲಲ್ಲೇ ತಾಳ ಹಿಡಿದು ಮಲಕಪ್ಪ ಕೂತಿದ್ದ.

"ವೈನಿ, ಇದೇನ್ರಿ ಹಿಂಗ ತೊಯ್ಸಿಕೊಂಡ ಬಂದೀರಿ? ಜ್ವರದಾಗ?"

"ಯಾರಿಗೆ ಜ್ವರ? ಬಚ್ಚಲದಾಗ ಪೈಪ್ ಒಡದೈತಿ. ಇವ್ರು ನಿಮಗ ಹೇಳ್ಲಿಲ್ಲೇನು?"

ಮಲಕಪ್ಪ ಸುಭಾಷನ ಮುಖ ನೋಡಿದ. "ಇಲ್ಲಲ್ರಿ... ನಿಮಗ ಜ್ವರ ಬಂದಾವಂತ ಅಂದ್ರು."

ಸುಭಾಷ ಮೈಕಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ. "ಇಂವ ಎದ್ದು ಬಂದಿದ್ರ ತಾಳಕ್ಕ ಯಾರಿದ್ರು? ಮಂದಿ ನೋಡಾಕತ್ತಾರ, ಕುಂದ್ರು. ಎರಡನೇದ್ದು ನೀನ ಎತ್ತು."

"ಬಾರವಾ, ಮುಂದ ಬಾ," ಎಂದು ಗೂಳಪ್ಪ ಜಾಗ ಬಿಟ್ಟು ಮೈಕನ್ನು ಅವಳತ್ತ ತಿರುಗಿಸಿದರು. ದುರ್ಗಾ ಕೂತಳು. ಹಳಿಯಾಳದವರು ಕತ್ತು ಚಾಚಿ ನೋಡಿದರು. ಸುಭಾಷ ಪದದ ಮೊದಲ ಸಾಲನ್ನು ನುಡಿಸಿ, ಇನ್ನು ಎತ್ತು ಎಂಬಂತೆ ತಲೆಯಾಡಿಸಿದ. ಪದ ಅವಳ ಗಂಟಲವರೆಗೂ ಬಂದಿತ್ತು. ತುಟಿ ಬಿಗಿದುಕೊಂಡು ಗಂಡನನ್ನೇ ನೋಡುತ್ತ ಕೂತಳು.

ಅವನು ಅದೇ ಸಾಲನ್ನು ಮತ್ತೆ ನುಡಿಸಿದ. ಹಿಂದೆ ಯಾರೋ ಕೆಮ್ಮಿದರು. ಮಲಕಪ್ಪನ ಕೈಯ ಎರಡು ತಾಳಗಳೂ ಒಂದನ್ನೊಂದು ಮುಟ್ಟದೆ ಗಾಳಿಯಲ್ಲೇ ನಿಂತಿದ್ದವು.